ಮಕ್ಕಳಿಗೆ ಭಕ್ತಿಯಿಲ್ಲ ಎನ್ನುವ ಮುನ್ನ

"ಈಗಿನ ಮಕ್ಕಳಿಗೆ ಭಯಭಕ್ತಿಯೇ ಇಲ್ಲ ಮೇಷ್ಟ್ರೇ." ನಿವೃತ್ತನಾದ ಮೇಲೆ ನಾನು ಅತ್ಯಂತ ಹೆಚ್ಚು ಬಾರಿ ಕೇಳಿರುವ ಮಾತು ಇದೇ ಇರಬೇಕು. ಮದುವೆ ಮನೆಯ ಪಂಕ್ತಿಯಲ್ಲಿ, ಬ್ಯಾಂಕಿನ ಸರತಿಯಲ್ಲಿ, ನಂಜನಗೂಡಿನ ಬಸ್ ನಿಲ್ದಾಣದಲ್ಲಿ, ಎಲ್ಲಿ ಇಬ್ಬರು ಹಿರಿಯರು ಸೇರಿದರೂ ಮೂರನೆಯ ಮಾತು ಇದಾಗಿರುತ್ತದೆ. ಹೇಳುವವರು ಒಳ್ಳೆಯವರೇ, ಅವರ ಆತಂಕವೂ ಸುಳ್ಳಲ್ಲ. ಆದರೂ ಈ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವಿಲ್ಲ. ಏಕೆ ಒಪ್ಪುವುದಿಲ್ಲವೆಂಬುದನ್ನು ಇಂದು ಸ್ವಲ್ಪ ಕಟುವಾಗಿಯೇ ಹೇಳಬೇಕೆಂದು ಕುಳಿತಿದ್ದೇನೆ. ಓದುಗ ಮಿತ್ರರು ಸಹನೆಯಿಂದ ಓದಬೇಕಾಗಿ ಕೋರುತ್ತೇನೆ.

ಮೊದಲು ಆ ಪದವನ್ನೇ ನೋಡೋಣ. 'ಭಯಭಕ್ತಿ' ಎಂಬ ಜೋಡುಪದವನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತೇವೆಂದರೆ, ಒಂದೇ ನೊಗಕ್ಕೆ ಕಟ್ಟಿದ ಈ ಎರಡು ಎತ್ತುಗಳು ಬೇರೆ ಬೇರೆ ದಿಕ್ಕಿಗೆ ಎಳೆಯುತ್ತವೆ ಎಂಬುದೇ ನಮ್ಮ ಗಮನಕ್ಕೆ ಬರುವುದಿಲ್ಲ. ಭಯಪಟ್ಟವನು ದೂರ ಸರಿಯಲು ನೋಡುತ್ತಾನೆ. ಭಕ್ತಿಯುಳ್ಳವನು ಹತ್ತಿರ ಬರಲು ಬಯಸುತ್ತಾನೆ. ಭಯಪಟ್ಟವನಿಗೆ ಕಾವಲುಗಾರ ಇರುವವರೆಗೆ ಮಾತ್ರ ನಿಯಮ. ಭಕ್ತಿಯುಳ್ಳವನಿಗೆ ಯಾರೂ ನೋಡದಿರುವಾಗಲೂ ನಿಯಮ. ನಾವು ಮಕ್ಕಳಿಗೆ ಇಷ್ಟು ಕಾಲ ಕಲಿಸಿದ್ದು ಮೊದಲನೆಯದನ್ನು. ಈಗ ಅದರ ಹಿಡಿತ ಸಡಿಲವಾದಾಗ, ಎರಡನೆಯದು ಕಾಣೆಯಾಯಿತೆಂದು ಅಳುತ್ತಿದ್ದೇವೆ. ಬಿತ್ತದೇ ಇದ್ದ ಬೆಳೆಯನ್ನು ಕೊಯ್ಯಲು ಕುಡುಗೋಲು ಹಿಡಿದು ಹೋದ ರೈತನ ಸ್ಥಿತಿ ನಮ್ಮದು.

ಪೂಜ್ಯಭಾವ ಎಂದರೇನು ಎಂದು ಒಂಬತ್ತನೆಯ ತರಗತಿಯ ಮಗು ಕೇಳಿದರೆ ನಾನು ಕೊಡುವ ಉತ್ತರ ಇಷ್ಟೇ: "ಇದು ನನಗಿಂತ ದೊಡ್ಡದು, ನನಗಿಂತ ಮೊದಲೂ ಇತ್ತು, ನನ್ನ ನಂತರವೂ ಇರಬೇಕು, ಇದು ನನ್ನಿಂದ ಕೆಡಬಾರದು ಎಂಬ ಎಚ್ಚರ." ಇದಕ್ಕಿಂತ ಹೆಚ್ಚಿನ ವೇದಾಂತ ನನಗೆ ಬೇಕಿಲ್ಲ. ಈ ಎಚ್ಚರವಿದ್ದಲ್ಲಿ ಕೈಮುಗಿದರೂ ಸರಿ, ಮುಗಿಯದಿದ್ದರೂ ಸರಿ. ಈ ಎಚ್ಚರವಿಲ್ಲದೆ ದಿನಕ್ಕೆ ನೂರು ಬಾರಿ ಕೈಮುಗಿದರೂ ಅದು ತೋಳಿನ ವ್ಯಾಯಾಮ ಮಾತ್ರ.

ಭಯದಿಂದ ಏನು ಸಾಧಿಸಿದ್ದೇವೆಂಬುದಕ್ಕೆ ನಮ್ಮ ಕಣ್ಣೆದುರೇ ಲೆಕ್ಕವಿದೆ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಲಾಯಿತು. ಹಿಂದಿನ ವರ್ಷ, 2023ರಲ್ಲಿ, ಶೇ. 83.89 ಇದ್ದ ಫಲಿತಾಂಶ ಆ ವರ್ಷ ಶೇ. 73.40ಕ್ಕೆ ಇಳಿಯಿತು, ಅದೂ ಕೃಪಾಂಕದ ಪ್ರಮಾಣವನ್ನು ಹೆಚ್ಚಿಸಿದ ಮೇಲೆ. ಇಳಿಕೆಗೆ ಕ್ಯಾಮೆರಾದ ಬಿಗಿಯೂ ಕಾರಣವೆಂದು ಅಧಿಕಾರಿಗಳೇ ಹೇಳಿದರು. ಈ ಅಂಕಿಗಳನ್ನು ನೋಡಿ ಹಲವರು ಮಕ್ಕಳನ್ನು ಬೈದರು. ನನಗೆ ಕಂಡದ್ದು ಬೇರೆ. ಅಲ್ಲಿ ಚೀಟಿ ಹೊರಗಿನಿಂದ ಕಿಟಕಿಯೊಳಗೆ ಎಸೆಯುವವರು ಮಕ್ಕಳಲ್ಲ, ದೊಡ್ಡವರು. ಶಾಲೆಯ ಫಲಿತಾಂಶದ ಹೆಸರಿನಲ್ಲಿ ಕಣ್ಣು ಮುಚ್ಚಿಕೊಳ್ಳುವವರೂ ದೊಡ್ಡವರೇ. ಹತ್ತು ವರ್ಷ ಪ್ರತಿದಿನ ಬೆಳಿಗ್ಗೆ ಪ್ರಾರ್ಥನೆ ಹೇಳಿಸಿ, ಸರಸ್ವತಿಯ ಪಟಕ್ಕೆ ಹೂವಿಡಿಸಿ, ಕೊನೆಗೆ ವಿದ್ಯೆಯ ಬಗ್ಗೆ ಆ ಮಗುವಿಗೆ ಕಲಿಸಿದ್ದು ಇಷ್ಟನ್ನೇ: ನೋಡುವವರಿಲ್ಲದಿದ್ದರೆ ಎಲ್ಲವೂ ನಡೆಯುತ್ತದೆ.

ಪರೀಕ್ಷೆ ಮುಗಿದ ದಿನದ ದೃಶ್ಯವನ್ನು ನೀವೂ ನೋಡಿರಬಹುದು. ಪಠ್ಯಪುಸ್ತಕದ ಹಾಳೆಗಳನ್ನು ಹರಿದು ಗಾಳಿಗೆ ತೂರಿ ಮಕ್ಕಳು ಕುಣಿಯುತ್ತಾರೆ. ಇದೇ ಮಕ್ಕಳು ಚಿಕ್ಕವರಿದ್ದಾಗ ಪುಸ್ತಕಕ್ಕೆ ಕಾಲು ತಾಗಿದರೆ ತಟ್ಟನೆ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡವರು. ಕಣ್ಣಿಗೊತ್ತಿಕೊಳ್ಳುವುದನ್ನು ನಾವು ಕಲಿಸಿದೆವು. ಆದರೆ ಆ ಪುಸ್ತಕದೊಳಗೆ ಪ್ರೀತಿಸತಕ್ಕದ್ದು ಏನಿದೆ ಎಂಬುದನ್ನು ತೋರಿಸಲಿಲ್ಲ. ಅಂಕ ಕೊಡುವ ಯಂತ್ರವೆಂದು ತೋರಿಸಿದೆವು. ಅಂಕ ಬಂದ ಮೇಲೆ ಯಂತ್ರವನ್ನು ಒಡೆಯುವುದರಲ್ಲಿ ಮಗುವಿನ ಮಟ್ಟಿಗೆ ತಪ್ಪೇನಿದೆ?

ದೇವರ ವಿಷಯದಲ್ಲೂ ನಾವು ಕಲಿಸಿರುವುದು ವ್ಯಾಪಾರವನ್ನೇ. ಫೆಬ್ರವರಿ ಬಂತೆಂದರೆ ಪ್ರವೇಶಪತ್ರಗಳನ್ನು, ಪೆನ್ನುಗಳನ್ನು ದೇವರ ಮುಂದಿಟ್ಟು ಪೂಜೆ ಮಾಡಿಸುವ ಪಾಲಕರ ಸಾಲು. ಹರಕೆಯನ್ನು ನಾನು ಹಳಿಯುವವನಲ್ಲ. ಕಷ್ಟದಲ್ಲಿರುವ ತಾಯಿ ಮಗುವಿನ ಉಳಿವಿಗಾಗಿ ಹೊತ್ತ ಹರಕೆಯಲ್ಲಿ ಇರುವ ಆರ್ತತೆಯನ್ನು ಗೇಲಿ ಮಾಡುವಷ್ಟು ಕಲ್ಲುಮನಸ್ಸು ನನ್ನದಲ್ಲ. ಆದರೆ ಪ್ರತಿಯೊಂದು ನಮಸ್ಕಾರಕ್ಕೂ ಒಂದು ಬೇಡಿಕೆಯ ಪಟ್ಟಿಯನ್ನು ಲಗತ್ತಿಸಿ ಕಲಿಸಿದರೆ, ಬೇಡುವುದಕ್ಕೆ ಏನೂ ಇಲ್ಲದ ದಿನ ಆ ಮಗು ಏಕೆ ನಮಸ್ಕರಿಸಬೇಕು? ಪ್ರತಿಫಲವಿಲ್ಲದ ನಮಸ್ಕಾರವೊಂದನ್ನು ನಮ್ಮ ಮಕ್ಕಳು ಎಲ್ಲಿಯಾದರೂ ನೋಡಿದ್ದಾರೆಯೇ ಎಂಬುದೇ ನನ್ನ ಪ್ರಶ್ನೆ.

ಇನ್ನು ನದಿಯ ಮಾತಿಗೆ ಬರುತ್ತೇನೆ. ನಮ್ಮ ಭಾಗದ ಮಕ್ಕಳಿಗೆ ಭಕ್ತಿಯ ಮೊದಲ ಪಾಠವಾಗುವುದು ಕಪಿಲೆಯ ಸೋಪಾನದ ಮೇಲೆ.

ಕೇರಳದ ವಯನಾಡಿನಲ್ಲಿ ಹುಟ್ಟಿ, ಹೆಗ್ಗಡದೇವನಕೋಟೆಯ ಅಣೆಕಟ್ಟನ್ನು ದಾಟಿ, ನಂಜನಗೂಡಿನ ಬಳಿ ಗುಂಡ್ಲುಹೊಳೆಯನ್ನು ಸೇರಿಸಿಕೊಂಡು, ತಿರುಮಕೂಡಲಿನಲ್ಲಿ ಕಾವೇರಿಯನ್ನು ಕೂಡುವ ಈ ನದಿಯನ್ನು ನಕಾಶೆಯಲ್ಲಿ ಕಬಿನಿ ಎಂದು ಬರೆಯುತ್ತಾರೆ. ಮನೆಯಲ್ಲಿ ಕಪಿಲೆ ಎನ್ನುತ್ತಾರೆ. ಅದರ ದಂಡೆಯ ಮೇಲಿರುವ ದೇವರ ಹೆಸರು ನಂಜುಂಡ. ಲೋಕ ಉಳಿಯಲೆಂದು ನಂಜನ್ನು ತಾನು ಉಂಡವನು. ಇಂಥ ಹೆಸರಿನ ದೇವರ ಪಾದದಡಿಯಲ್ಲಿ ನಾವು ಮಾಡುತ್ತಿರುವುದೇನು? ಹುಣ್ಣಿಮೆ, ಸೋಮವಾರ, ಜಾತ್ರೆಗಳಲ್ಲಿ ಸ್ನಾನಘಟ್ಟಕ್ಕೆ ಹೋಗಿ ನೋಡಿ. ಸೋಪು, ಶಾಂಪೂ ಪೊಟ್ಟಣ, ಎಣ್ಣೆ, ಮುಡಿಯ ಕೂದಲು, ಪ್ಲಾಸ್ಟಿಕ್ ಚೀಲದ ಸಮೇತ ಪೂಜಾಸಾಮಗ್ರಿ. ಎಲ್ಲಕ್ಕಿಂತ ಮಿಗಿಲಾಗಿ, ಉಟ್ಟ ಬಟ್ಟೆಯೊಡನೆ ಪಾಪ ಕಳೆಯುತ್ತದೆಂಬ ನಂಬಿಕೆಯಿಂದ ನೀರಿಗೆ ಬಿಟ್ಟ ಬಟ್ಟೆಗಳ ರಾಶಿ. ಒದ್ದೆಯಾಗಿ, ಕೊಳೆತು, ಕಲ್ಲಿಗೆ ಸುತ್ತಿಕೊಂಡಿರುವ ಪಂಚೆ ಸೀರೆಗಳು. ತೀರ್ಥವೆಂದು ತಲೆಗೆ ಚಿಮುಕಿಸಿಕೊಂಡ ಕೈಯೇ ಮರುಕ್ಷಣ ಖಾಲಿ ಪೊಟ್ಟಣವನ್ನು ಅದೇ ತೀರ್ಥಕ್ಕೆ ಎಸೆಯುತ್ತದೆ. ಪಕ್ಕದಲ್ಲಿ ಏಳು ವರ್ಷದ ಮಗು ನಿಂತು ನೋಡುತ್ತಿರುತ್ತದೆ.

ಆ ಮಗು ಕಲಿಯುವುದೇನು? ಪವಿತ್ರ ಎಂದರೆ ಕೊಳೆಯನ್ನು ಎಸೆಯಲು ಅನುಮತಿ ಇರುವ ಜಾಗ ಎಂದು. ತಾಯಿ ಎಂದು ಕರೆದರೆ ಆಕೆಯನ್ನು ನೋಡಿಕೊಳ್ಳುವ ಹೊಣೆ ತಪ್ಪುತ್ತದೆ ಎಂದು. ಹಿಂದೊಮ್ಮೆ ತರಗತಿಯಲ್ಲಿ ನದಿಗಳ ಪಾಠ ಮಾಡುವಾಗ ಹುಡುಗನೊಬ್ಬ ಎದ್ದು ನಿಂತು, "ಸಾರ್, ಪಾಪ ಬಟ್ಟೇಲಿದ್ರೆ, ಆ ಬಟ್ಟೆ ನೀರಲ್ಲಿದ್ರೆ, ಆ ನೀರನ್ನ ಕೆಳಗಿನ ಊರೋರು ಕುಡಿದ್ರೆ, ಪಾಪ ಯಾರಿಗೆ?" ಎಂದು ಕೇಳಿದ. ತರಗತಿ ನಕ್ಕಿತು. ಆತ ನಗಿಸಲು ಕೇಳಿರಲಿಲ್ಲ. ನನ್ನ ಸೇವಾವಧಿಯಲ್ಲಿ ನಾನು ಕೇಳಿದ ಅತ್ಯಂತ ಧಾರ್ಮಿಕವಾದ ಪ್ರಶ್ನೆ ಅದು. ಅಂಥ ಪ್ರಶ್ನೆ ಕೇಳುವ ಮಗುವನ್ನು ಮನೆಯಲ್ಲಿ "ದೇವರ ವಿಷಯದಲ್ಲಿ ಹಾಗೆಲ್ಲ ಮಾತಾಡಬಾರದು" ಎಂದು ಗದರಿಸಿ ಕೂರಿಸುತ್ತೇವೆ. ಭಕ್ತಿ ಮೊಳಕೆಯೊಡೆಯುವ ಜಾಗಕ್ಕೇ ಸರಿಯಾಗಿ ಭಯದ ಕಲ್ಲು ಹೇರುತ್ತೇವೆ.

ಭಕ್ತರನ್ನಷ್ಟೇ ದೂರಿದರೆ ಅನ್ಯಾಯವಾದೀತು. ಊರಿನ ಚರಂಡಿ ನೀರು, ಕಾರ್ಖಾನೆಗಳ ತ್ಯಾಜ್ಯ ಇವುಗಳ ಮುಂದೆ ಬಟ್ಟೆಯ ರಾಶಿ ಚಿಕ್ಕದೇ ಇರಬಹುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ಕರ್ನಾಟಕದ 17 ಕಲುಷಿತ ನದಿಪಾತ್ರಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆಯವರೆಗಿನ ಕಬಿನಿಯೂ ಸೇರಿತ್ತು. ದಕ್ಷಿಣಕಾಶಿಯೆಂದು ನಾವು ಕರೆಯುವ ಊರಿನ ಹೆಸರು ಆ ಪಟ್ಟಿಯಲ್ಲಿದೆ ಎಂಬುದಕ್ಕೆ ನಾವು ಎಷ್ಟು ದಿನ ನಾಚಿಕೊಂಡೆವು? 2021ರ ಸೆಪ್ಟೆಂಬರ್ ತಿಂಗಳನ್ನು ನೆನಪಿಸಿಕೊಳ್ಳಿ. ನಮ್ಮದೇ ತಾಲ್ಲೂಕಿನ ಹುಚ್ಚಗಣಿಯ ಮಹದೇವಮ್ಮನ ಗುಡಿಯನ್ನು ತಾಲ್ಲೂಕು ಆಡಳಿತ ಕೆಡವಿದಾಗ ಇಡೀ ರಾಜ್ಯ ಎದ್ದು ನಿಂತಿತು. ಅದೇ ತಿಂಗಳಲ್ಲಿ ಧಾರ್ಮಿಕ ಕಟ್ಟಡಗಳ ರಕ್ಷಣೆಗೆ ವಿಧಾನಮಂಡಲದಲ್ಲಿ ಮಸೂದೆ ಅಂಗೀಕಾರವಾಯಿತು. ಊರವರು ನಂಬಿದ ಗುಡಿಗೆ ಪೆಟ್ಟು ಬಿದ್ದಾಗ ನೋವಾಗುವುದು ಸಹಜ. ಆ ನೋವನ್ನು ನಾನು ಪ್ರಶ್ನಿಸುವುದಿಲ್ಲ. ಗುಡಿಯ ಗೋಡೆ ಬಿದ್ದಾಗ ಎದ್ದ ನಾವು, ಗುಡಿಯಲ್ಲಿ ಅಭಿಷೇಕಕ್ಕೆ ಒದಗುವ ನೀರು ಕೆಟ್ಟಾಗ ಏಕೆ ಏಳಲಿಲ್ಲ ಎಂಬುದಷ್ಟೇ ನನ್ನ ಪ್ರಶ್ನೆ. ಒಂದಕ್ಕೆ ಎದ್ದು ಇನ್ನೊಂದಕ್ಕೆ ಏಳದ ದೊಡ್ಡವರನ್ನು ನೋಡಿ ಮಕ್ಕಳು ಯಾವುದು ಭಕ್ತಿ, ಯಾವುದು ಬರಿಯ ಅಭಿಮಾನ ಎಂದು ಹೇಗೆ ತಿಳಿಯಬೇಕು?

ನದಿ ನಂಜನಗೂಡಿನಲ್ಲಿ ನಿಲ್ಲುವುದಿಲ್ಲ. ನಾವು ಬಿಟ್ಟಿದ್ದೆಲ್ಲವನ್ನೂ ಹೊತ್ತು ಅದು ತಿರುಮಕೂಡಲು ನರಸೀಪುರಕ್ಕೆ ಇಳಿಯುತ್ತದೆ. ಅಲ್ಲಿ ಕಾವೇರಿ, ಕಪಿಲೆ, ಕಣ್ಣಿಗೆ ಕಾಣದ ಸ್ಫಟಿಕ ಸರೋವರ ಇವು ಮೂರೂ ಕೂಡುತ್ತವೆಂಬ ನಂಬಿಕೆಯಿಂದ ಆ ಜಾಗ ತ್ರಿವೇಣಿ ಸಂಗಮ. 1989ರಲ್ಲಿ ಆರಂಭವಾದ ಕುಂಭಮೇಳ, ಮೂರು ವರ್ಷಕ್ಕೊಮ್ಮೆ ಎಂಬ ಲೆಕ್ಕದಲ್ಲಿ, 2025ರ ಫೆಬ್ರವರಿ 10ರಿಂದ 12ರವರೆಗೆ ಅಲ್ಲಿ ನಡೆಯಿತು. ಲಕ್ಷಾಂತರ ಜನ ಮಿಂದರು. ಮೀಯಲಿ, ಅದರಿಂದ ನನಗೆ ಸಂತೋಷವೇ. ಆದರೆ ಮೇಲಿನ ಊರಿನಲ್ಲಿ ನಾವು ನದಿಗೆ ಏನು ಮಾಡಿದೆವೋ ಅದರಲ್ಲೇ ಕೆಳಗಿನ ಊರಿನಲ್ಲಿ ಪುಣ್ಯಸ್ನಾನ ಮಾಡುತ್ತಿದ್ದೇವೆ ಎಂಬ ಸರಳ ಭೂಗೋಳವನ್ನು ಮಕ್ಕಳಿಗೆ ಹೇಳಬೇಡವೇ?

ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕಥೆ ನನಗೆ ಬಹಳ ಪ್ರಿಯವಾದದ್ದು. ಮೂರ್ತಿಯ ಬೆರಳುಗಳ ನಡುವೆ ಒಂದು ಗುಲಗಂಜಿ ಇದೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬುದು ಅದರ ಅರ್ಥ. ಸ್ಥಳಪುರಾಣದ ಪ್ರಕಾರ ಈ ದೇವಾಲಯದ ಮೂಲದಲ್ಲಿರುವವನು ರಾಜನಲ್ಲ, ಕಾಶಿಗೆ ಹೋಗಬೇಕೆಂದು ಹಂಬಲಿಸಿದ ಒಬ್ಬ ಅಗಸ. ದೊಡ್ಡವರು ಈ ಕಥೆಯನ್ನು ಹೇಳುವಾಗ ನಮ್ಮ ಊರು ಕಾಶಿಗಿಂತ ಮೇಲು ಎಂಬ ಹೆಮ್ಮೆಯ ಭಾಗವನ್ನಷ್ಟೇ ಹೇಳಿ ನಿಲ್ಲಿಸುತ್ತಾರೆ. ನಾನು ಮಕ್ಕಳಿಗೆ ಗುಲಗಂಜಿಯ ಕಡೆಗೆ ಬೆರಳು ತೋರಿಸುತ್ತಿದ್ದೆ. ಅಕ್ಕಸಾಲಿಗರು ಚಿನ್ನ ತೂಗಲು ಬಳಸುತ್ತಿದ್ದ ಅತಿ ಸಣ್ಣ ಬೀಜ ಅದು. ಬೆಟ್ಟದಷ್ಟಲ್ಲ, ಬೊಗಸೆಯಷ್ಟಲ್ಲ, ಒಂದು ಕಾಳಿನಷ್ಟು. ಪವಿತ್ರತೆಯ ವ್ಯತ್ಯಾಸ ಅಷ್ಟು ಸೂಕ್ಷ್ಮವಾದದ್ದಾದರೆ, ಒಂದು ಪ್ಲಾಸ್ಟಿಕ್ ಪೊಟ್ಟಣ ಬಿದ್ದರೆ ತಕ್ಕಡಿ ಯಾವ ಕಡೆ ವಾಲೀತು? ಇಂಥ ಪ್ರಶ್ನೆಯನ್ನು ಮಕ್ಕಳ ಮುಂದಿಟ್ಟು ಸುಮ್ಮನಿರಬೇಕು. ಉತ್ತರವನ್ನು ಅವರೇ ತೂಗಿಕೊಳ್ಳುತ್ತಾರೆ.

ನದಿಯ ಪಾಠಕ್ಕಿಂತಲೂ ನನ್ನನ್ನು ಹೆಚ್ಚು ನೋಯಿಸುವ ಪಾಠ ಇನ್ನೊಂದಿದೆ. ಅದು ಮನುಷ್ಯರಿಗೆ ಸಂಬಂಧಿಸಿದ್ದು. ಯಾರನ್ನು ಗೌರವಿಸಬೇಕು ಎಂದು ಕಲಿಸುವಾಗ, ಯಾರನ್ನು ಗೌರವಿಸಬೇಕಿಲ್ಲ ಎಂಬುದನ್ನೂ ನಾವು ಜೊತೆಯಲ್ಲೇ ಕಲಿಸಿಬಿಡುತ್ತೇವೆ. ಗುರುಗಳಿಗೆ, ಸ್ವಾಮಿಗಳಿಗೆ, ಅಧಿಕಾರಿಗಳಿಗೆ ಬಗ್ಗಬೇಕು. ಜಾತ್ರೆಯ ಮರುದಿನ ನಸುಕಿನಲ್ಲಿ ತೇರಿನ ಬೀದಿ ಗುಡಿಸುವ ಪೌರಕಾರ್ಮಿಕರನ್ನು ಏಕವಚನದಲ್ಲಿ ಕರೆಯಬಹುದು. ಅನ್ನಪೂರ್ಣೆಯ ಪಟಕ್ಕೆ ಹೂವು ಮುಡಿಸಬೇಕು. ಅನ್ನ ಬೇಯಿಸಿದವರ ಜಾತಿ ಕೇಳಬಹುದು. ಪಕ್ಕದ ಚಾಮರಾಜನಗರ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ, ದಲಿತ ಮಹಿಳೆಯೊಬ್ಬರು ಬಿಸಿಯೂಟದ ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಹಲವು ಪೋಷಕರು ಮಕ್ಕಳನ್ನು ಆ ಶಾಲೆ ಬಿಡಿಸಿದರೆಂಬ ಸುದ್ದಿ 2025ರ ಜೂನ್ ತಿಂಗಳಲ್ಲಿ ಪತ್ರಿಕೆಗಳಲ್ಲಿ ಬಂತು. ಶಾಲೆ ಬಿಡುವ ನಿರ್ಧಾರ ಆರು ವರ್ಷದ ಮಗುವಿನದಾಗಿರಲು ಸಾಧ್ಯವೇ? ಅನ್ನವನ್ನು ದೇವರೆಂದು ಕಲಿಸಬೇಕಾದ ಕೈಗಳೇ ತಟ್ಟೆಯನ್ನು ಕಸಿದುಕೊಂಡವು. ಆ ಮಕ್ಕಳು ಮುಂದೆ ಎಷ್ಟೇ ದೇವಸ್ಥಾನ ಸುತ್ತಲಿ, ಅವರ ಎದೆಯಲ್ಲಿ ಪೂಜ್ಯಭಾವಕ್ಕೆ ಇರಬೇಕಾದ ಜಾಗವನ್ನು ಆ ದಿನವೇ ಬೇರೊಂದು ಆಕ್ರಮಿಸಿಕೊಂಡಿತು.

ಇತ್ತೀಚೆಗೆ ಕೆಲವೆಡೆ ಮಕ್ಕಳನ್ನು ಸಾಲಾಗಿ ಕೂರಿಸಿ ಪಾಲಕರ, ಶಿಕ್ಷಕರ ಪಾದಪೂಜೆ ಮಾಡಿಸುವ ಕಾರ್ಯಕ್ರಮಗಳು ನಡೆಯುತ್ತವೆ. ಶಾಮಿಯಾನ, ಮೈಕು, ಛಾಯಾಗ್ರಾಹಕರು, ಮೈಕಿನಲ್ಲಿ "ಈಗ ಎಲ್ಲ ಮಕ್ಕಳೂ ಕಣ್ಣೀರು ಹಾಕುತ್ತಿದ್ದಾರೆ" ಎಂಬ ವೀಕ್ಷಕ ವಿವರಣೆ. ಶಿಕ್ಷಕನಾಗಿ ಬದುಕಿದ ನಾನು ಇದನ್ನು ಕೈಮುಗಿದು ವಿರೋಧಿಸುತ್ತೇನೆ. ಕೇಳಿ ಪಡೆದ ಗೌರವ ಸಾಲ ವಸೂಲಿಯಂತೆ. ಕೊಟ್ಟವನಿಗೂ ಸುಖವಿಲ್ಲ, ಪಡೆದವನಿಗೂ ಮರ್ಯಾದೆಯಿಲ್ಲ. ಕೇಳದೆ ಬಂದ ಗೌರವ ಹೇಗಿರುತ್ತದೆಂದು ತಿಳಿಯಲು ನಮ್ಮ ಮೈಸೂರಿನಲ್ಲೇ ನಿದರ್ಶನವಿದೆ. 1918ರಿಂದ ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ ಸರ್ವೆಪಲ್ಲಿ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ, ವಿದ್ಯಾರ್ಥಿಗಳು ಸಾರೋಟಿನ ಕುದುರೆಗಳನ್ನು ಬಿಚ್ಚಿ ತಾವೇ ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಯಾವ ಸುತ್ತೋಲೆಯೂ ಅವರಿಗೆ ಆಜ್ಞೆ ಮಾಡಿರಲಿಲ್ಲ. ಮೂರೇ ವರ್ಷಗಳ ಪಾಠ ಆ ಹಗ್ಗವನ್ನು ಅವರ ಕೈಗೆ ಕೊಟ್ಟಿತ್ತು. ನಮ್ಮ ಪಾಠಕ್ಕೆ ಆ ಶಕ್ತಿಯಿದೆಯೇ ಎಂದು ಕೇಳಿಕೊಳ್ಳುವುದು ಬಿಟ್ಟು, ಮಕ್ಕಳ ಕೈಗೆ ತಂಬಿಗೆ ಕೊಟ್ಟು ಪಾದ ಚಾಚುವುದು ಎಷ್ಟು ಸರಿ?

ಇಲ್ಲಿಗೆ ಎರಡು ಕಡೆಯಿಂದ ಆಕ್ಷೇಪಣೆ ಬರುವುದು ನನಗೆ ಗೊತ್ತು.

ಒಂದು ಕಡೆಯವರು ಗಾದೆಯನ್ನು ಮುಂದಿಡುತ್ತಾರೆ: "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಬೆತ್ತ ಹೋದಂದಿನಿಂದ ವಿನಯವೂ ಹೋಯಿತು ಎಂಬುದು ಅವರ ವಾದ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿತು. ಅದಕ್ಕೆ ಮೊದಲು, ಬೆತ್ತದ ಕಾಲದಲ್ಲಿ ಕಲಿತು ಬಂದ ಪೀಳಿಗೆ ಯಾವುದು ಸ್ವಾಮಿ? ಇಂದು ಕೆರೆಗಳನ್ನು ಒತ್ತುವರಿ ಮಾಡಿದವರು, ನದಿಗೆ ಕೊಳಚೆ ಬಿಟ್ಟವರು, ಕಿಟಕಿಯಲ್ಲಿ ಚೀಟಿ ಎಸೆಯುವವರು ಎಲ್ಲರೂ ಬಗ್ಗಿ ಬೆಳೆದ ಗಿಡಗಳೇ ಅಲ್ಲವೇ? ಏಟಿಗೆ ಬಗ್ಗಿದ ಬೆನ್ನು ಏಟು ನಿಂತ ಕೂಡಲೇ ನೆಟ್ಟಗಾಗುತ್ತದೆ. ಗಿಡ ನಿಜವಾಗಿ ಬಾಗುವುದು ಬೆಳಕಿನ ಕಡೆಗೆ. ಆ ಬೆಳಕನ್ನು ಒದಗಿಸುವುದು ತೋಟಗಾರನ ಕೆಲಸ.

ಇನ್ನೊಂದು ಕಡೆಯವರು, "ಪೂಜ್ಯಭಾವವೇ ಬೇಡ. ಮಕ್ಕಳಿಗೆ ಪ್ರಶ್ನಿಸುವುದನ್ನು ಕಲಿಸಿದರೆ ಸಾಕು. ಪೂಜ್ಯ ಎಂದ ಕೂಡಲೇ ಶೋಷಣೆ ಶುರುವಾಗುತ್ತದೆ" ಎನ್ನುತ್ತಾರೆ. ಇವರ ಮಾತಿನಲ್ಲಿ ಇತಿಹಾಸದ ನೋವಿದೆ, ಅದನ್ನು ತಳ್ಳಿಹಾಕಲಾರೆ. ಆದರೆ ಯಾವುದನ್ನೂ ದೊಡ್ಡದೆಂದು ಭಾವಿಸದ ಮನಸ್ಸು ಪ್ರಶ್ನೆಯನ್ನಾದರೂ ಏಕೆ ಕೇಳೀತು? ಕಪಿಲೆಯ ಬಗ್ಗೆ ಪ್ರಶ್ನೆ ಕೇಳಿದ ಆ ಹುಡುಗ ನದಿಯನ್ನು ಪ್ರೀತಿಸಿದ್ದರಿಂದಲೇ ಕೇಳಿದ. ನಿಜವನ್ನು ಪೂಜ್ಯವೆಂದು ಬಗೆದವನು ಮಾತ್ರ ಸುಳ್ಳನ್ನು ಕಂಡು ಸಿಡಿದೇಳುತ್ತಾನೆ. ನಮ್ಮ ಸಂವಿಧಾನದ 51ಎ ವಿಧಿಯು ವೈಜ್ಞಾನಿಕ ಮನೋಭಾವವನ್ನೂ, ಕಾಡು ಕೆರೆ ನದಿಗಳ ರಕ್ಷಣೆಯನ್ನೂ, ಜೀವಿಗಳ ಬಗೆಗಿನ ಅನುಕಂಪವನ್ನೂ ಒಂದೇ ಪಟ್ಟಿಯಲ್ಲಿ ನಾಗರಿಕನ ಕರ್ತವ್ಯವೆಂದು ಇಟ್ಟಿರುವುದು ಸುಮ್ಮನೆ ಅಲ್ಲ. ಪ್ರಶ್ನೆ ಮತ್ತು ಪೂಜ್ಯಭಾವ ಒಂದೇ ಮನೆಯಲ್ಲಿ ಬಾಳಬಲ್ಲವು.

ಹಾಗಾದರೆ ಕಲಿಸುವುದು ಹೇಗೆ? ವಾರಕ್ಕೊಂದು ನೀತಿಪಾಠದ ಅವಧಿ ಇಟ್ಟು, ಕೊನೆಗೆ ಅದಕ್ಕೂ ಪರೀಕ್ಷೆ ಮಾಡಿದರೆ ಆಗುತ್ತದೆಯೇ? ಆಗುವುದಿಲ್ಲ. ಪೂಜ್ಯಭಾವವನ್ನು ಬೋಧಿಸಲು ಬರುವುದಿಲ್ಲ, ಅದು ಅಂಟಿಕೊಳ್ಳಬೇಕು. ಅಂಟುವುದಕ್ಕೆ ಬೇಕಾದ ಜಾಗಗಳು ನಮ್ಮ ಎರಡೇ ತಾಲ್ಲೂಕುಗಳಲ್ಲಿ ಎಷ್ಟಿವೆ ನೋಡಿ.

ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಪ್ರವಾಸ ಕರೆದುಕೊಂಡು ಹೋಗಿ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥ 13ನೆಯ ಶತಮಾನದಲ್ಲಿ ಕಟ್ಟಿಸಿದ ಆ ಕೇಶವ ದೇವಾಲಯವನ್ನು 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳೊಡನೆ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿ ಪೂಜೆಯಿಲ್ಲ. ಮಂಗಳಾರತಿಯಿಲ್ಲ, ತೀರ್ಥವಿಲ್ಲ, ಬೇಡಿಕೊಳ್ಳಲು ಅವಕಾಶವಿಲ್ಲ. "ಪೂಜೆ ಇಲ್ದಿದ್ರೆ ಚಪ್ಪಲಿ ಯಾಕೆ ಬಿಡ್ಬೇಕು ಸಾರ್?" ಎಂದು ಮಕ್ಕಳು ಪ್ರತಿ ಪ್ರವಾಸದಲ್ಲೂ ಕೇಳುತ್ತಿದ್ದರು. ಆಗ ಮೂರ್ತಿಗಳ ಪೀಠದಲ್ಲಿ ಕೊರೆದಿರುವ ಮಲ್ಲಿತಮ್ಮನ ಹೆಸರನ್ನು ತೋರಿಸಬೇಕು. ಏಳೂವರೆ ಶತಮಾನದ ಹಿಂದೆ ಒಬ್ಬ ಮನುಷ್ಯ ಉಳಿ ಹಿಡಿದು ಕುಳಿತು, ಬೆರಳಿನ ಉಗುರಿನಷ್ಟು ಜಾಗದಲ್ಲಿ ಹೂವನ್ನು ಬಿಡಿಸಿ, ಕೆಳಗೆ ತನ್ನ ಹೆಸರು ಬರೆದು ಹೋದ. ಅವನು ಬರೆದದ್ದು ಕೆಲಸ ಮುಗಿಸಿ. ನಮ್ಮವರು ಗೋಡೆಗಳ ಮೇಲೆ ಹೆಸರು ಗೀಚುವುದು ಏನನ್ನೂ ಮಾಡದೆ. ಈ ವ್ಯತ್ಯಾಸವನ್ನು ಹೇಳಿ, ಐದು ನಿಮಿಷ ಯಾರೂ ಮಾತಾಡದೆ ಒಂದೇ ಒಂದು ಮೂರ್ತಿಯನ್ನು ನೋಡಿ ಎಂದರೆ ಸಾಕು. ಆ ಐದು ನಿಮಿಷಗಳಲ್ಲಿ ಮಗುವಿನ ಮುಖ ಬದಲಾಗುವುದನ್ನು ನಾನು ಕಂಡಿದ್ದೇನೆ. ಅಪೇಕ್ಷೆಯಿಲ್ಲದ ನಮಸ್ಕಾರ ಎಂದರೆ ಅದೇ.

ನಂಜನಗೂಡು ತಾಲ್ಲೂಕಿನ ಬದನವಾಳಿಗೆ ಕರೆದುಕೊಂಡು ಹೋಗಿ. 1927ರಲ್ಲಿ ಗಾಂಧೀಜಿ ಬಂದು ನೋಡಿದ ಖಾದಿ ಕೇಂದ್ರ ಅಲ್ಲಿನದು. 2015ರಲ್ಲಿ ರಂಗಕರ್ಮಿ ಪ್ರಸನ್ನ ಸುಸ್ಥಿರ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದೂ ಅಲ್ಲಿಯೇ. ಒಂದು ಗಜ ಬಟ್ಟೆಯ ಹಿಂದೆ ಎಷ್ಟು ಕೈಗಳ ಎಷ್ಟು ಹೊತ್ತಿನ ದುಡಿಮೆ ಇದೆಯೆಂದು ರಾಟೆಯ ಮುಂದೆ ಕುಳಿತು ಕಂಡ ಮಗು, ಒಳ್ಳೆಯ ಬಟ್ಟೆಯನ್ನು ನದಿಗೆ ಎಸೆಯಲು ಕೈ ಎತ್ತುವುದಿಲ್ಲ.

ಶ್ರೀಕಂಠೇಶ್ವರನ ಗುಡಿಗೂ ಅಗತ್ಯವಾಗಿ ಕರೆದುಕೊಂಡು ಹೋಗಿ. ಅಲ್ಲಿನ ಪಚ್ಚೆಲಿಂಗದ ಕಥೆ ಹೇಳಿ. ತನ್ನ ಆನೆಯ ಕಣ್ಣುಬೇನೆ ನಂಜುಂಡನಿಗೆ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದು ಟಿಪ್ಪು ಸುಲ್ತಾನ ಆ ಲಿಂಗವನ್ನು ಅರ್ಪಿಸಿ, ದೇವರನ್ನು 'ಹಕೀಮ್ ನಂಜುಂಡ' ಎಂದು ಕರೆದನೆಂಬುದು ಪ್ರತೀತಿ. ಒಬ್ಬರು ಪೂಜ್ಯವೆಂದು ಬಗೆದದ್ದನ್ನು, ಅದು ತನ್ನ ಧರ್ಮದ್ದಲ್ಲದಿದ್ದರೂ, ಗೌರವದಿಂದ ಕಾಣಬಹುದು ಎಂಬುದಕ್ಕೆ ಮಕ್ಕಳಿಗೆ ಇದಕ್ಕಿಂತ ಹತ್ತಿರದ ಪಾಠ ಬೇರೆಲ್ಲಿ ಸಿಕ್ಕೀತು?

ನಮ್ಮ ರೈತರ ಕಣವನ್ನೂ ತೋರಿಸಿ, ಉಳಿದಿರುವ ಕಡೆ. ಚಪ್ಪಲಿಯನ್ನು ಹೊರಗೆ ಬಿಟ್ಟು ಕಣಕ್ಕೆ ಕಾಲಿಡುತ್ತಿದ್ದ, ರಾಶಿಗೆ ಪೂಜೆ ಮಾಡಿದ ಮೇಲೆಯೇ ಅಳೆಯುತ್ತಿದ್ದ ಹಿರಿಯರು ಅಕ್ಷರ ಕಲಿತವರಲ್ಲ. ಕಾಳು ತುಳಿಯಬಾರದು ಎಂದು ಅವರಿಗೆ ಯಾವ ಕ್ಯಾಮೆರಾವೂ ಹೇಳಿರಲಿಲ್ಲ.

ಕೊನೆಯದಾಗಿ ಪಾಲಕರಿಗೂ, ಇನ್ನೂ ಸೇವೆಯಲ್ಲಿರುವ ನನ್ನ ಶಿಕ್ಷಕ ಬಂಧುಗಳಿಗೂ ನನ್ನ ನೇರವಾದ ಬೇಡಿಕೆಗಳಿವು. ಮುಂದಿನ ಬಾರಿ ಮಕ್ಕಳೊಡನೆ ಕಪಿಲೆಯ ಸೋಪಾನಕ್ಕೆ ಇಳಿದಾಗ ಸೋಪು, ಶಾಂಪೂ ಮನೆಯಲ್ಲೇ ಬಿಡಿ. ತಂದ ಚೀಲವನ್ನು ತಿರುಗಿ ಒಯ್ಯಿರಿ. ಒಯ್ಯುವ ಕೆಲಸವನ್ನು ಮಗುವಿಗೇ ವಹಿಸಿ. ಉಟ್ಟ ಬಟ್ಟೆಯನ್ನು ನೀರಿಗೆ ಬಿಡಬೇಕೆಂದು ಯಾರಾದರೂ ಹೇಳಿದರೆ, ಒಗೆದು ಒಣಗಿಸಿ ಇಲ್ಲದವರಿಗೆ ಕೊಡುತ್ತೇವೆಂದು ಮಗುವಿನ ಎದುರಿಗೇ ಉತ್ತರಿಸಿ. ಮೆಟ್ಟಿಲು ಗುಡಿಸುವವರನ್ನು ಬಹುವಚನದಲ್ಲಿ ಮಾತಾಡಿಸಿ, ಅವರ ಹೆಸರು ಕೇಳಿ. ಬಿಸಿಯೂಟದ ದಿನ ಶಿಕ್ಷಕರು ಮಕ್ಕಳ ಸಾಲಿನಲ್ಲೇ ಕುಳಿತು, ಅಡುಗೆ ಮಾಡಿದ ತಾಯಿ ಬಡಿಸಿದ್ದನ್ನು ಅಗುಳು ಬಿಡದೆ ಊಟ ಮಾಡಿ. ಮಗು ದೇವರ ಬಗ್ಗೆ ಪ್ರಶ್ನೆ ಕೇಳಿದರೆ ಗದರಿಸಬೇಡಿ. ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಸೇರಿ ಹುಡುಕಿ. ಪೂಜೆಗೆ ನಿಂತಾಗ ಒಂದು ದಿನವಾದರೂ ಏನನ್ನೂ ಬೇಡದೆ ಕೈಮುಗಿದು ತೋರಿಸಿ.

ಇದಿಷ್ಟನ್ನು ಒಂದು ವರ್ಷ ಮಾಡಿ ನೋಡಿ. ಆಮೇಲೂ ಮಕ್ಕಳಿಗೆ ಭಕ್ತಿಯಿಲ್ಲವೆಂದು ನಿಮಗೆ ಅನ್ನಿಸಿದರೆ, ಧಾರಾಳವಾಗಿ ಹೇಳಿ. ನಾನು ಕುಳಿತು ಕೇಳುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಮಕ್ಕಳನ್ನು ದೂರಬೇಡಿ.